ಅಡಿಕೆಯ ಸೋಗೆ ಕಂದಿದಾಗ

ಮುಂಬಯಿಯ ಹೊಟೇಲುಗಳಲ್ಲಿ ದುಡಿಯುವ ನಮ್ಮ ಸೋದರರಿಗೂ ಕಚೇರಿಯ ಗುಮಾಸ್ತರಿಗೂ ಊರಿನಿಂದ ಆಗಾಗ ಬರುವ ಸುದ್ದಿಯೊಂದುಂಟು: “ಹಿತ್ತಲಿನ ಅಡಿಕೆಮರಗಳ ಸೋಗೆ ಕಂದಿದೆ, ಔಷಧ ಹೊಡೆಸಬೇಕು, ಹಣ ಕಳುಹಿಸು.” ಬೆವರಿನ ಉಳಿತಾಯವನ್ನು ಕಳುಹಿಸುವ ಮೊದಲು ಕಾರಣವನ್ನರಿಯುವುದು ವಿಹಿತ. ಸೋಗೆ ಕಂದುವುದು ಲಕ್ಷಣವೇ ಹೊರತು ರೋಗದ ಹೆಸರಲ್ಲ. ಆದುದರಿಂದ ಮನೆಯವರನ್ನು ನಾಲ್ಕು ಪ್ರಶ್ನೆಗಳನ್ನು ಕೇಳಬೇಕು.

ಮೊದಲನೆಯದಾಗಿ, ಕಂದಿರುವುದು ತೀರ ಕೆಳಗಿನ ಸೋಗೆಯೊಂದೇ ಏನು? ಹಾಗಿದ್ದರೆ ಚಿಂತೆ ಬೇಡ. ಅಡಿಕೆಮರವು ವರ್ಷಕ್ಕೆ ಸುಮಾರು 6–7 ಸೋಗೆಗಳನ್ನು ಸಹಜವಾಗಿಯೇ ಉದುರಿಸುತ್ತದೆ.

ಎರಡನೆಯದಾಗಿ, ಎಲೆಯ ಮೇಲೆ ಹಳದಿ ಅಂಚಿನ ಕಂದು ಚುಕ್ಕೆಗಳಿವೆಯೇ? ಅವು ಒಂದಕ್ಕೊಂದು ಕೂಡಿ ಸೋಗೆಯನ್ನೇ ಒಣಗಿಸುತ್ತಿದ್ದರೆ ಅದು ಎಲೆಚುಕ್ಕಿ ರೋಗ. 2022ರಲ್ಲಿ ಕಳಸ, ಶೃಂಗೇರಿ, ತೀರ್ಥಹಳ್ಳಿ, ಹೊಸನಗರಗಳ ತೋಟಗಳನ್ನು ಕಂಗೆಡಿಸಿದ್ದು ಇದೇ. ಇದಕ್ಕೆ ಕಾರಣವಾದ ಶಿಲೀಂಧ್ರವು ಮಳೆಹನಿ ಮತ್ತು ಗಾಳಿಯೊಡನೆ ಹರಡುತ್ತದೆ. ತೀವ್ರವಾಗಿ ಕೆಟ್ಟ ಸೋಗೆಗಳನ್ನು ಕಡಿದು ಸುಡಬೇಕು. ಮಳೆಗಾಲಕ್ಕೆ ಮೊದಲೇ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಗೊನೆಗಳಿಗಷ್ಟೇ ಅಲ್ಲ, ಸೋಗೆಗಳಿಗೂ ಸಿಂಪಡಿಸಬೇಕು. 100 ಲೀಟರು ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಇವನ್ನು ಬೇರೆಬೇರೆಯಾಗಿ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರನ್ನು ಹೊಯ್ಯಬೇಕು. ಹೊಳಪಿನ ಕಬ್ಬಿಣದ ಚೂರಿಯನ್ನು ಅದ್ದಿದಾಗ ಕೆಂಪು ಲೇಪ ಕಂಡರೆ ಸುಣ್ಣ ಸಾಲದೆಂದು ತಿಳಿಯಬೇಕು.

ಮೂರನೆಯದಾಗಿ, ಚುಕ್ಕೆಗಳಿಲ್ಲದೆ ಎಲೆಯ ತುದಿಯಿಂದ ಹಳದಿ ಹಬ್ಬಿ, ಬಳಿಕ ತುದಿ ಒಣಗುತ್ತಿದೆಯೇ? ಅಡಿಕೆಯ ತಿರುಳೂ ಕಪ್ಪಾಗಿದೆಯೇ? ಹಾಗಿದ್ದರೆ ಸುಳ್ಯದ ಸಂಪಾಜೆ, ಅರಂತೋಡು ಕಡೆಯ ಬೆಳೆಗಾರರನ್ನು ಬಹುಕಾಲದಿಂದ ಕಾಡಿರುವ ಹಳದಿ ಎಲೆ ರೋಗವಿರಬಹುದು. ಫೈಟೋಪ್ಲಾಸ್ಮಾ ಎಂಬ ಅತಿಸೂಕ್ಷ್ಮ ಜೀವಿಯಿಂದ ಬರುವ ಇದಕ್ಕೆ ತುತ್ತದ ಸಿಂಪಡಣೆ ನಿರರ್ಥಕ. ಗುಣಪಡಿಸುವ ಔಷಧವಿದೆಯೆಂದು ಮಾರಲು ಬಂದವನನ್ನು ನಂಬಬಾರದು. ಗೊಬ್ಬರ ಮತ್ತು ಬಸಿಗಾಲುವೆಗಳಿಂದ ಮರದ ಶಕ್ತಿಯನ್ನು ಕಾಪಾಡಬಹುದು, ಅಷ್ಟೆ.

ನಾಲ್ಕನೆಯದಾಗಿ, ನೂಕಿದರೆ ಮರ ಬುಡಸಹಿತ ಅಲುಗುತ್ತದೆಯೇ? ಹಾಗಾದರೆ ಬುಡ ಬಿಡಿಸಿ ಬೇರುಹುಳುವನ್ನು ಹುಡುಕಬೇಕು. ಬುಡದಲ್ಲಿ ನೀರು ನಿಂತಿದ್ದರೆ, ಅಂಗಡಿಯ ಔಷಧಕ್ಕಿಂತ ಗುದ್ದಲಿಯ ಕೆಲಸವೇ ಮೇಲು.

ಸಂದೇಹ ಉಳಿದರೆ ರೋಗ ತಗುಲಿದ ಸೋಗೆಯ ತುಂಡನ್ನು ತಾಲೂಕಿನ ತೋಟಗಾರಿಕಾ ಕಚೇರಿಗೋ, ವಿಟ್ಲ ಅಥವಾ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರಕ್ಕೋ ಒಯ್ದು ತೋರಿಸುವಂತೆ ಮನೆಯವರಿಗೆ ತಿಳಿಸಿರಿ. ಹಣವನ್ನು ಅವಶ್ಯ ಕಳುಹಿಸೋಣ; ಆದರೆ ಅದು ಔಷಧಕ್ಕೋ, ಗೊಬ್ಬರಕ್ಕೋ, ಗುದ್ದಲಿಯಾಳಿನ ಕೂಲಿಗೋ ಎಂಬುದನ್ನು ಮೊದಲು ಅರಿತುಕೊಳ್ಳೋಣ.