ತಂತಿ ತುಂಡಾದರೆ ತಪ್ಪು ತಂತಿಯದೇ?

ರಜೆ ಬಂತೆಂದರೆ ಮುಂಬಯಿ, ಪುಣೆಗಳಲ್ಲಿ ನೆಲೆಸಿರುವ ನಮ್ಮವರಲ್ಲಿ ಅನೇಕರು ಸ್ವಂತ ಕಾರಿನಲ್ಲಿಯೇ ಊರಿಗೆ ಹೊರಡುವುದುಂಟು. ಪುಣೆ ದಾಟಿದರೆ ಖಂಬಾಟಕಿ ಘಾಟು. ಆಮೇಲೆ ಸಾತಾರಾ, ಕೊಲ್ಲಾಪುರ, ನಿಪ್ಪಾಣಿ, ಬೆಳಗಾವಿ. ಕಾರಿನ ತುಂಬ ಹಿರಿಯರು, ಮಕ್ಕಳು, ಬುತ್ತಿಯ ಗಂಟು. ಇಂಥ ಹೊತ್ತಿನಲ್ಲಿ, ಏರಿನ ನಡುವೆ, ಕ್ಲಚ್ಚಿನ ಪೆಡಲು ‘ಟಕ್’ ಎಂದು ನೆಲ ಕಚ್ಚಿದರೆ ಕಾರಿನಲ್ಲಿದ್ದವರ ಪಾಡೇನು? ಹಿಂದೆ ಲಾರಿಗಳ ಸಾಲು. ಮುಂದೆ ಹೋಗುವಂತಿಲ್ಲ, ಹಿಂದೆ ಸರಿಯುವಂತಿಲ್ಲ.

ಕ್ಲಚ್ ಕೇಬಲ್ಲು ಸವೆಯುವ ವಸ್ತು. ವರ್ಷಗಟ್ಟಲೆ ದುಡಿದು ಒಮ್ಮೆ ತುಂಡಾದರೆ ಹೊಸದನ್ನು ಹಾಕಿಸಿದರಾಯಿತು. ಆದರೆ ಹಾಕಿಸಿದ ಹೊಸ ಕೇಬಲ್ಲು ನಾಲ್ಕಾರು ತಿಂಗಳಲ್ಲಿ ಮತ್ತೆ ತುಂಡಾದರೆ? ಮತ್ತೊಂದನ್ನು ಹಾಕಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆಯೇ ಸರಿ. ಕಾರಿನಲ್ಲಿ ಏನನ್ನು ಬದಲಿಸಲಾಗಿದೆ ಎಂಬುದನ್ನು ಮೊದಲು ವಿಚಾರಿಸಬೇಕು.

ಮಾರ್ಪಡಿಸಿದ ಕಾರು ಎಂದೊಡನೆ ಪಂದ್ಯದ ಕಾರನ್ನು ನೆನೆಯಬೇಕಾಗಿಲ್ಲ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು, 2014ರ ಜನವರಿಯಲ್ಲಿ ತಯಾರಿಕೆ ನಿಂತ ಮಾರುತಿ 800 ಗಾಡಿಯನ್ನು ಜತನವಾಗಿ ಇಟ್ಟುಕೊಂಡ ಕುಟುಂಬಗಳು ನಮ್ಮಲ್ಲಿ ಇನ್ನೂ ಇವೆ. ಖರ್ಚು ತಗ್ಗಿಸಲೆಂದು ಅಂಥ ಪೆಟ್ರೋಲ್ ಕಾರಿಗೆ ಸಿಎನ್‌ಜಿ ಕಿಟ್ ಕೂಡಿಸಿದರೂ ಅದು ಮಾರ್ಪಾಡೇ. ಬಾನೆಟ್ಟಿನ ಕೆಳಗೆ ಹೊಸ ಕೊಳವೆ, ಹೊಸ ವೈರುಗಳು ಬಂದು ಕೂಡುತ್ತವೆ. ಇದ್ದ ಕೇಬಲ್ಲು ಪಕ್ಕಕ್ಕೆ ಸರಿಯಬೇಕಾಗುತ್ತದೆ. ತೊಂದರೆಯ ಬೀಜ ಬೀಳುವುದು ಹಲವೊಮ್ಮೆ ಅಲ್ಲಿಯೇ.

ಕೇಬಲ್ಲಿನ ಗುಟ್ಟು

ಇದು 1896ರಲ್ಲಿ ಅರ್ನೆಸ್ಟ್ ಮಾನಿಂಗ್ಟನ್ ಬೌಡನ್ ಎಂಬವರು ಪೇಟೆಂಟು ಪಡೆದ ಉಪಾಯ. ಸೈಕಲ್ಲಿನ ಬ್ರೇಕಿನಲ್ಲಿರುವುದೂ ಇದೇ. ಒಳಗೆ ಉಕ್ಕಿನ ಎಳೆಗಳನ್ನು ಹೊಸೆದ ತಂತಿ. ಹೊರಗೆ ಗಟ್ಟಿಯಾದ ಕವಚ. ಒಳಗಿನ ತಂತಿ ಎಷ್ಟು ಬಲದಿಂದ ಎಳೆಯುತ್ತದೆಯೋ ಹೊರಗಿನ ಕವಚ ಅಷ್ಟೇ ಬಲವನ್ನು ತಾಳಿಕೊಂಡು ನಿಲ್ಲಬೇಕು. ಕವಚದ ತುದಿ ಕೂತಿರುವ ಜಾಗ ಸಡಿಲವಾದರೆ ತಂತಿ ಎಷ್ಟು ಹೊಸದಾದರೂ ಕೆಲಸ ಕೆಟ್ಟಿತು.

ಇನ್ನೊಂದು ಸಂಗತಿ ಬಾಗಿನದು. ಮೊಂಡು ಎತ್ತಿನ ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಸುತ್ತಿದರೆ ಚಿಕ್ಕ ಹುಡುಗನೂ ಅದನ್ನು ಹಿಡಿದು ನಿಲ್ಲಬಲ್ಲ. ಸುತ್ತು ಹೆಚ್ಚಿದಂತೆ ಉಜ್ಜಾಟ ಹೆಚ್ಚುತ್ತದೆ. ಕೇಬಲ್ಲಿನಲ್ಲಿಯೂ ಹಾಗೆಯೇ. ಘರ್ಷಣೆಯ ಗುಣಾಂಕ 0.1 ಎಂದಿಟ್ಟುಕೊಳ್ಳಿ. ದಾರಿಯುದ್ದದ ಬಾಗುಗಳೆಲ್ಲ ಕೂಡಿ ಅರ್ಧ ವೃತ್ತದಷ್ಟಾದರೆ, ಆ ಕಡೆ 100 ಪಾಲು ಬಲ ಬೇಕಾದಲ್ಲಿ ಈ ಕಡೆ ಸುಮಾರು 137 ಪಾಲು ಎಳೆಯಬೇಕು. ಒಳಗೆ ತುಕ್ಕು ಹಿಡಿದು ಗುಣಾಂಕ 0.2 ಆದರೆ 187 ಪಾಲು! ಹೊಸ ಕೊಳವೆಗೆ ದಾರಿ ಬಿಡಲು ಕೇಬಲ್ಲನ್ನು ಒಂದಿಷ್ಟು ಬಾಗಿಸಿ ಕಟ್ಟಿದ್ದಕ್ಕೆ ಕಾಲಿಗೆ ನೋವು, ತಂತಿಗೆ ಸವೆತ.

ಮುರಿದ ತುಂಡೇ ಸಾಕ್ಷಿ

ನಮ್ಮ ಬಳಗದ ಮಿತ್ರರೊಬ್ಬರ ಹಳೆಯ ಕಾರಿನಲ್ಲಿ ಕಿಟ್ ಕೂಡಿಸಿದ ಮೇಲೆ ಒಂದೇ ವರ್ಷದಲ್ಲಿ ಮೂರು ಕೇಬಲ್ಲುಗಳು ಹಾಳಾದವು. ಪೆಡಲು ದಿನೇ ದಿನೇ ಬಿಗಿಯಾಗುತ್ತಿತ್ತು. ಕ್ಲಚ್ ಪ್ಲೇಟನ್ನೇ ಬದಲಿಸಬೇಕೆಂದು ಸಲಹೆ ಬಂತು. ಅದು ಸಾವಿರಾರು ರೂಪಾಯಿಗಳ ಬಾಬತ್ತು. ಕಡೆಗೆ ವೃದ್ಧ ಮೇಸ್ತ್ರಿಯೊಬ್ಬರು ಬಿಚ್ಚಿದ ಕೇಬಲ್ಲನ್ನು ಸೀಳಿ ನೋಡಿದರು. ಒಳಗಿನ ಪ್ಲಾಸ್ಟಿಕ್ ಪದರ ಉದ್ದಕ್ಕೂ ಕರಗಿತ್ತು.

ಕಾರಣ ಕ್ಲಚ್ಚಿನಲ್ಲಿರಲಿಲ್ಲ, ವಿದ್ಯುತ್ತಿನಲ್ಲಿತ್ತು. ಎಂಜಿನ್ನು ರಬ್ಬರಿನ ಮೇಲೆ ಕೂತಿರುತ್ತದೆ. ಸ್ಟಾರ್ಟರು ತಿರುಗುವಾಗ ನೂರಕ್ಕೂ ಹೆಚ್ಚು ಆಂಪಿಯರ್ ವಿದ್ಯುತ್ತು ಎಂಜಿನ್ನಿನಿಂದ ಬ್ಯಾಟರಿಗೆ ಮರಳಲು ದಪ್ಪನೆಯ ಅರ್ತಿಂಗ್ ಪಟ್ಟಿಯೊಂದಿದೆ. ಕಿಟ್ ಕೂಡಿಸುವಾಗ ಬಿಚ್ಚಿದ ಆ ಪಟ್ಟಿಯನ್ನು ಮತ್ತೆ ಬಿಗಿದಿರಲಿಲ್ಲ. ದಾರಿ ಕಾಣದ ವಿದ್ಯುತ್ತು ಕ್ಲಚ್ಚಿನ ತಂತಿಯನ್ನೇ ಹಿಡಿದು ಓಡುತ್ತಿತ್ತು. ತಂತಿ ಕಾದು ಪದರ ಕರಗುತ್ತಿತ್ತು. ಪಟ್ಟಿಯನ್ನು ಬಿಗಿದ ಮೇಲೆ ನಾಲ್ಕನೆಯ ಕೇಬಲ್ಲು ಬಾಳಿತು.

ಆದುದರಿಂದ ಮುರಿದ ಕೇಬಲ್ಲನ್ನು ಎಸೆಯಗೊಡಬಾರದು. ಒಳಪದರ ಉದ್ದಕ್ಕೂ ಕರಗಿದ್ದರೆ ವಿದ್ಯುತ್ತನ್ನು ಶಂಕಿಸಿರಿ. ಕವಚ ಒಂದೇ ಕಡೆ ಸುಟ್ಟಿದ್ದರೆ ಅದು ಸೈಲೆನ್ಸರಿನ ಬಿಸಿ ಕೊಳವೆಗೆ ತಾಗುತ್ತಿದೆ. ತುದಿಯಲ್ಲಿ ಎಳೆ ಎಳೆಯಾಗಿ ಬಿಚ್ಚಿಕೊಂಡು ತುಂಡಾಗಿದ್ದರೆ ಅಲ್ಲಿ ಕಡಿದಾದ ಬಾಗು ಇದೆ, ಇಲ್ಲವೆ ಕೊಂಡಿ ನೇರವಾಗಿ ಕೂತಿಲ್ಲ.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆ

ಕಾರು ಸಮತಟ್ಟಿನಲ್ಲಿರಲಿ, ಎಂಜಿನ್ನು ಆರಿರಲಿ, ಗಿಯರು ನ್ಯೂಟ್ರಲಿನಲ್ಲಿರಲಿ, ಕೈಬ್ರೇಕು ಹಾಕಿರಲಿ.

ಮೊದಲು ಪೆಡಲಿನ ಕೆಳಗೆ ನೋಡಿರಿ. ಹೊಸದಾಗಿ ಹಾಸಿದ ದಪ್ಪನೆಯ ಮ್ಯಾಟು ಪೆಡಲನ್ನು ಪೂರ್ತಿ ಇಳಿಯಗೊಡದೆ ಗಿಯರು ಕರಕರ ಎನ್ನುವಂತೆ ಮಾಡುವುದುಂಟು.

ಎರಡನೆಯದಾಗಿ, ಪೆಡಲನ್ನು ಕೈಯಿಂದ ಒತ್ತಿರಿ. ಬಿಗಿ ಸಿಗುವ ಮುನ್ನ ಕೊಂಚ ಸಡಿಲ ಇರತಕ್ಕದ್ದು. ಅನೇಕ ಸಣ್ಣ ಕಾರುಗಳಲ್ಲಿ ಅದು 15ರಿಂದ 25 ಮಿಲಿಮೀಟರ್. ನಿಮ್ಮ ಕಾರಿನ ಕೈಪಿಡಿ ಹೇಳುವುದೇ ಪ್ರಮಾಣ. ಸಡಿಲ ಹೆಚ್ಚಾದರೆ ಕ್ಲಚ್ಚು ಪೂರ್ತಿ ಬಿಡುವುದಿಲ್ಲ, ರಿವರ್ಸ್ ಗಿಯರು ಅರಚುತ್ತದೆ. ಸಡಿಲವೇ ಇಲ್ಲದಿದ್ದರೆ ಪ್ಲೇಟು ಜಾರುತ್ತದೆ: ಎಂಜಿನ್ನು ಭೋರ್ಗರೆದರೂ ಕಾರು ಏರದು, ಸುಟ್ಟ ವಾಸನೆ ಬರುವುದು. ಹೊಂದಿಸುವ ನಟ್ಟನ್ನು ತಿರುಗಿಸಿದರೆ ಇವೆರಡೂ ಹಲವೊಮ್ಮೆ ಸರಿಹೋಗುತ್ತವೆ.

ಮೂರನೆಯದಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲು ಒತ್ತಲಿ, ಇನ್ನೊಬ್ಬರು ಬಾನೆಟ್ಟು ತೆರೆದು ನೋಡಲಿ. ಕವಚದ ತುದಿ ಕೂತಿರುವ ತಗಡು ಒಳಕ್ಕೂ ಹೊರಕ್ಕೂ ಬಳುಕುತ್ತಿದ್ದರೆ ಅಲ್ಲಿ ಬಿರುಕಿರಬಹುದು.

ನಾಲ್ಕನೆಯದಾಗಿ, ಗೇರ್‌ಬಾಕ್ಸಿನ ಕಡೆಯ ತುದಿಯನ್ನು ಬಿಚ್ಚಿಸಿ ತಂತಿಯನ್ನು ಕೈಯಿಂದ ಎಳೆದು ಬಿಟ್ಟು ನೋಡಿರಿ. ತಡೆತಡೆದು ಜಾರಿದರೆ ದೋಷ ಕೇಬಲ್ಲಿನದು. ಸರಾಗವಾಗಿ ಜಾರಿಯೂ ಪೆಡಲು ಬಿಗಿಯಿದ್ದರೆ ದೋಷ ಕ್ಲಚ್ಚಿನೊಳಗಿದೆ, ಇಲ್ಲವೆ ಬೇರೆ ಮಾದರಿಯ ಗಡಸು ಪ್ರೆಶರ್ ಪ್ಲೇಟನ್ನು ಯಾರೋ ಹಾಕಿದ್ದಾರೆ. ಪ್ಲೇಟಿಗೆ ಹಣ ಸುರಿಯುವ ಮುನ್ನ ಈ ಪರೀಕ್ಷೆಯನ್ನು ತಪ್ಪಿಸಬಾರದು.

ಐದನೆಯದು ಅರ್ತಿಂಗ್. ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಮೈನಸ್ ತುದಿಗೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಹಿಡಿದು ಸ್ಟಾರ್ಟರು ತಿರುಗಿಸಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ ಪಟ್ಟಿಯನ್ನು ಬಿಚ್ಚಿ, ಉಜ್ಜಿ, ಬಿಗಿಯಾಗಿ ಕೂಡಿಸಬೇಕು.

ಒಂದು ಎಚ್ಚರಿಕೆ: ಪ್ಲಾಸ್ಟಿಕ್ ಪದರವಿರುವ ಕೇಬಲ್ಲಿಗೆ ಕಂಡ ಕಂಡ ಎಣ್ಣೆ ಬಿಡಕೂಡದು. ಧೂಳು ಅಂಟಿಕೊಂಡು ಇದ್ದ ಸುಖವೂ ಹೋದೀತು.

ದಾರಿಯಲ್ಲಿ ತುಂಡಾದರೆ

ಎದೆಗುಂದಬಾರದು. ಅಪಾಯದ ದೀಪಗಳನ್ನು ಹಾಕಿ, ಕಾರು ಉರುಳುತ್ತಿರುವಾಗಲೇ ಅಂಚಿಗೆ ಒಯ್ದು ಗಿಯರನ್ನು ನ್ಯೂಟ್ರಲಿಗೆ ಎಳೆದು ನಿಲ್ಲಿಸಿರಿ. ಮಕ್ಕಳನ್ನೂ ಹಿರಿಯರನ್ನೂ ರಸ್ತೆಯಿಂದ ದೂರ ಇಳಿಸಿರಿ. ಕಾರು ರಸ್ತೆಯ ನಡುವೆಯೇ ನಿಂತರೆ, ಹಳೆಯ ಕಾರುಗಳಲ್ಲಿ ಮೊದಲನೆಯ ಗಿಯರು ಹಾಕಿ ಸ್ಟಾರ್ಟರು ತಿರುಗಿಸಿದರೆ ಗಾಡಿ ಜಗ್ಗುತ್ತ ಕೆಲವು ಮಾರು ಸಾಗುತ್ತದೆ. ಎದುರಿಗೆ ಯಾರೂ ಇಲ್ಲದಾಗ, ಅಂಚು ಸೇರುವಷ್ಟಕ್ಕೆ ಮಾತ್ರ. ಘಾಟನ್ನು ಹತ್ತಲು ಇದು ಉಪಾಯವಲ್ಲ.

ಕಾಗದಪತ್ರದ ಮಾತೊಂದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ಗ್ಯಾಸ್ ಕಿಟ್ಟು ಅಂಗೀಕೃತವಾದುದಾಗಿರಬೇಕು, ಆರ್.ಸಿ.ಯಲ್ಲಿ ನಮೂದಾಗಿರಬೇಕು. ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಒತ್ತಡದ ಪರೀಕ್ಷೆ ಆಗಬೇಕು.

ಊರಿಗೆ ಹೊರಡಲು ಹದಿನೈದು ದಿನವಿರುವಾಗಲೇ ಈ ಪರೀಕ್ಷೆಗಳನ್ನು ಮುಗಿಸಿಕೊಳ್ಳುವುದು ಲೇಸು. ಪೆಟ್ಟಿಗೆಯಲ್ಲಿ ನಿಮ್ಮ ಕಾರಿನ ಮಾದರಿಗೆ ಹೊಂದುವ ಕೇಬಲ್ಲು ಒಂದಿರಲಿ. ದಾರಿಯ ಸಣ್ಣ ಊರುಗಳಲ್ಲಿ ಮೇಸ್ತ್ರಿ ಸಿಕ್ಕಾನು, ಹಳೆಯ ಕಾರಿನ ಭಾಗ ಸಿಕ್ಕುವುದೇ ಕಷ್ಟ.