ಕಟಿಂಗ್ ಅಂಗಡಿಯ ಕುರ್ಚಿ ಎಲ್ಲರಿಗೂ ಒಂದೇ ಆಗೋದು ಯಾವಾಗ?

"ಈಗೆಲ್ಲಿ ಜಾತಿ ಐತ್ರೀ, ಅದೆಲ್ಲ ಹಳೇ ಕಾಲದ ಮಾತು" ಅನ್ನೋರು ನಮ್ಮ ನಡುವೆ ಬಹಳ ಮಂದಿ. ಬೆಂಗಳೂರಿನ ಐಟಿ ಆಫೀಸಿನ ಕ್ಯಾಂಟೀನ್‌ನಲ್ಲೂ ಇದೇ ಮಾತು, ನಮ್ಮ ಕೊಪ್ಪಳದ ಕಡೆ ಮದುವೆ ಮನೆಯಲ್ಲೂ ಇದೇ ಮಾತು. ಅಮೆರಿಕದಲ್ಲಿ ಕಪ್ಪು ಜನರಿಗೆ ಆದ ಅನ್ಯಾಯದ ವಿಡಿಯೋ ನೋಡಿ ಮರುಗುವ ನಾವು, ನಮ್ಮ ಜಿಲ್ಲೆಯದೇ ಸುದ್ದಿ ಬಂದಾಗ ಬೇಗ ಮುಂದಕ್ಕೆ ಹೋಗಿಬಿಡುತ್ತೇವೆ.

ಗಂಗಾವತಿ ತಾಲೂಕಿನ ಮರಕುಂಬಿಯನ್ನೇ ತಗೊಳ್ಳಿ. ಹೋಟೆಲ್ ಮತ್ತು ಕಟಿಂಗ್ ಅಂಗಡಿಗೆ ದಲಿತರನ್ನು ಬಿಟ್ಟುಕೊಳ್ಳದ ವಿಚಾರಕ್ಕೆ ಅಲ್ಲಿ ಮೊದಲೇ ಅಸಮಾಧಾನ ಇತ್ತು. 2014ರ ಆಗಸ್ಟ್‌ನಲ್ಲಿ ದಲಿತರ ಮೇಲೆ ಹಲ್ಲೆಯಾಯಿತು, ಗುಡಿಸಲುಗಳಿಗೆ ಬೆಂಕಿ ಬಿತ್ತು. ತೀರ್ಪು ಬಂದಿದ್ದು 2024ರ ಅಕ್ಟೋಬರ್‌ನಲ್ಲಿ. ಕೊಪ್ಪಳದ ಜಿಲ್ಲಾ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಾಗ ದೇಶವೇ ತಿರುಗಿ ನೋಡಿತು. ಮುಂದಿನ ತಿಂಗಳೇ ಧಾರವಾಡದ ಹೈಕೋರ್ಟ್ ಪೀಠದಿಂದ ಬಹುತೇಕರಿಗೆ ಜಾಮೀನು ಸಿಕ್ಕಿತು. ನೊಂದವರೂ ಅದೇ ಊರಲ್ಲಿ, ಶಿಕ್ಷೆಯಾದವರ ಮನೆಗಳೂ ಅದೇ ಊರಲ್ಲಿ. ನಾಳೆ ನೀರು ತರಲು ಹೋಗಬೇಕಾದ್ದೂ ಅದೇ ಓಣಿಯಲ್ಲಿ.

ಕುಷ್ಟಗಿ ತಾಲೂಕಿನ ಮಿಯಾಪುರದ್ದು ಇನ್ನೊಂದು ಥರ. 2021ರ ಸೆಪ್ಟೆಂಬರ್‌ನಲ್ಲಿ ಎರಡು ವರ್ಷದ ದಲಿತ ಮಗುವೊಂದು ಹನುಮಪ್ಪನ ಗುಡಿಯೊಳಗೆ ಓಡಿಹೋಯಿತು. ಗುಡಿ ಶುದ್ಧಿಗೆ ಅಂತ ಮನೆಯವರಿಗೆ ಸಾವಿರಾರು ರೂಪಾಯಿ ದಂಡ ಕೇಳಿದರು. ಊರಲ್ಲೇ ಬದುಕಬೇಕಾದ ಆ ಕುಟುಂಬ ದೂರು ಕೊಡಲು ಹಿಂಜರಿಯಿತು. ಆಮೇಲೆ ಅಧಿಕಾರಿಗಳು ಬಂದರು, ಕೇಸಾಯಿತು. ಇನ್ನು ಯಲಬುರ್ಗಾ ತಾಲೂಕಿನ ಸಂಗನಾಳದಲ್ಲಿ 2024ರ ಆಗಸ್ಟ್‌ನಲ್ಲಿ, ಕಟಿಂಗ್ ಅಂಗಡಿಯಲ್ಲಿ ಎದ್ದ ಜಗಳದಲ್ಲಿ ದಲಿತ ಯುವಕನೊಬ್ಬನ ಜೀವವೇ ಹೋಯಿತು.

ಕಾನೂನು ಇಲ್ಲ ಅಂತಲ್ಲ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. 1955ರಲ್ಲಿ ಒಂದು ಕಾಯ್ದೆ, 1989ರಲ್ಲಿ ಇನ್ನೂ ಗಟ್ಟಿಯಾದ ದೌರ್ಜನ್ಯ ತಡೆ ಕಾಯ್ದೆ ಬಂದವು. ಇವು ಇಲ್ಲದಿದ್ದರೆ ಮರಕುಂಬಿಯ ತೀರ್ಪೂ ಬರುತ್ತಿರಲಿಲ್ಲ. ಆದರೆ ಕಾನೂನಿಗೆ ಒಂದು ದೂರು ಬೇಕು. ಆ ದೂರಿನ ಭಾರವನ್ನೆಲ್ಲ ಊರಿನ ಅತೀ ಬಡವನ ಹೆಗಲ ಮೇಲೆ ಹಾಕಿ ನಾವು ಸುಮ್ಮನಿರುತ್ತೇವೆ. ಕೂಲಿ ತಪ್ಪೋದು ಅವನಿಗೆ, ಅಂಗಡಿಯಲ್ಲಿ ಸಾಮಾನು ಸಿಗದೇ ಹೋಗೋದೂ ಅವನಿಗೇ.

ಕಟಿಂಗ್ ಅಂಗಡಿಯವನ ಸ್ಥಿತಿಯನ್ನೂ ನೋಡಬೇಕು. ಅವನದೂ ಸಣ್ಣ ಸಮುದಾಯ. ಎಷ್ಟೋ ಕಡೆ "ಅವರಿಗೆ ಮಾಡಿದ್ರ ನಾವು ಬರೂದಿಲ್ಲ" ಅಂತ ದೊಡ್ಡ ಜಾತಿಯವರು ಹೇಳ್ತಾರೆ ಅನ್ನೋ ಭಯ ಅವನಿಗೆ. ಹಾಗಂತ ಅವನು ಮಾಡಿದ್ದು ಸರಿ ಅಂತ ಅಲ್ಲ. ಆದರೆ ಆ ಭಯ ತೆಗೆಯೋ ಶಕ್ತಿ ಇರೋದು ಕುರ್ಚಿಯಲ್ಲಿ ಈಗಾಗಲೇ ಕೂತ ಗಿರಾಕಿಗೆ. "ಅವರಿಗೂ ಮಾಡಪ್ಪ, ನಾನು ಇಲ್ಲಿಗೇ ಬರ್ತೀನಿ" ಅಂತ ನಾಲ್ಕು ಜನ ಬಾಯಿ ಬಿಟ್ಟು ಹೇಳಿದರೆ ಸಾಕು, ಕುರ್ಚಿ ಬದಲಾಗುತ್ತದೆ. ಮನಸ್ಸಿನಲ್ಲೇ "ನನಗೇನೂ ಅಭ್ಯಂತರ ಇಲ್ಲ" ಅಂದುಕೊಂಡರೆ ಅದು ಯಾರಿಗೂ ಕೇಳಿಸೋದಿಲ್ಲ.

ಮನೆಯಲ್ಲೂ ಹಾಗೇ. ಕೆಲಸದವರಿಗೆ ಬೇರೆ ಲೋಟ ಇದ್ದರೆ ಅದನ್ನು ಇವತ್ತೇ ತೆಗೆದಿಡಬಹುದು. ಮಕ್ಕಳ ಗೆಳೆಯರು ಬಂದಾಗ ಅಡ್ಡಹೆಸರು ಕೇಳದೇ ಊಟಕ್ಕೆ ಕೂಡಿಸಬಹುದು. ಬಾಡಿಗೆಗೆ ಮನೆ ಕೇಳಿ ಬಂದವರಿಗೆ "ನೀವು ಯಾವ ಪೈಕಿ?" ಅನ್ನೋ ಪ್ರಶ್ನೆಯನ್ನು ಬಿಡಬಹುದು.

ಪೂರ್ತಿ ಸಮಾನತೆ ನಮ್ಮ ಕಾಲಕ್ಕೆ ಬರುತ್ತಾ? ನನಗೆ ಅಷ್ಟು ಭರವಸೆ ಇಲ್ಲ. ಆದರೆ ನೋವು ತಿಂದವರೇ ಹೋರಾಡಲಿ ಅಂತ ಬಿಟ್ಟರೆ ಅದು ಎಂದಿಗೂ ಬರೋದಿಲ್ಲ, ಇದಂತೂ ಖಾತ್ರಿ. ನಿಮ್ಮೂರಿನ ಕಟಿಂಗ್ ಅಂಗಡಿ, ಚಹಾದಂಗಡಿ ಈಗ ಹೆಂಗದಾವು? ಮುಂದಿನ ಸಲ ಹೋದಾಗ ಒಮ್ಮೆ ನೋಡಿ, ಕೇಳಿ.