ಪರೀಕ್ಷೆಗೆ ಮುಂಚಿನ ಇನ್ನೊಂದು ಸಿದ್ಧತೆ

(ಪ್ರೌಢಶಾಲೆಯ ವಿದ್ಯಾರ್ಥಿಗಳಿಗೂ ಅವರ ಪಾಲಕರಿಗೂ)

ಸಂಜೆಯ ಹೊತ್ತು ನಮ್ಮ ವಾಚನಾಲಯದಲ್ಲಿ ಕುಳಿತು ಓದುವ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಹತ್ತನೆಯ ಮತ್ತು ಹನ್ನೆರಡನೆಯ ಇಯತ್ತೆಯವರು. ಅವರ ಪಾಠದ ವಿಷಯದಲ್ಲಿ ಬುದ್ಧಿ ಹೇಳುವಷ್ಟು ವಿದ್ಯೆ ನನಗಿಲ್ಲ. ಅದಕ್ಕೆ ಅವರ ಗುರುಗಳಿದ್ದಾರೆ. ಆದರೆ ಪರೀಕ್ಷೆಯಲ್ಲಿ ಅಂಕಗಳನ್ನು ಗಳಿಸುವುದು ಒಂದು ಕೆಲಸ, ಆ ಅಂಕಗಳನ್ನು ಮುಂದಿಟ್ಟು ಕಾಲೇಜಿನಲ್ಲಿ ಸ್ಥಳವನ್ನೋ ಒಂದು ನೌಕರಿಯನ್ನೋ ಪಡೆಯುವುದು ಇನ್ನೊಂದು ಕೆಲಸ. ಈ ಎರಡನೆಯ ಕೆಲಸಕ್ಕೆ ಕಾಗದಪತ್ರಗಳು ಬೇಕು, ಮಾತು ಬೇಕು. ಫಲಿತಾಂಶ ಬಂದ ಮೇಲೆ ನೋಡೋಣವೆಂದು ಕುಳಿತವರಿಗೆ ಹೊತ್ತು ಸಾಲುವುದಿಲ್ಲ. ಪರೀಕ್ಷೆಗೆ ಮೊದಲಿನ ಆರು ತಿಂಗಳಲ್ಲಿಯೇ ಇದನ್ನು ಹೇಗೆ ಮಾಡಿ ಮುಗಿಸಬಹುದೆಂದು ತಿಳಿಸುವುದಕ್ಕಾಗಿಯೇ ಈ ನಾಲ್ಕು ಮಾತು.

ನಮ್ಮ ಹಿರಿಯರ ದಾರಿ ಬೇರೆಯಿತ್ತು. ಊರಿನಿಂದ ಬಂದ ಹುಡುಗ ಹಗಲು ಹೊಟೇಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಮೆಟ್ರಿಕ್ ಮುಗಿಸಿದನೆಂದರೆ ಪರಿಚಯದವರೊಬ್ಬರ ಮಾತಿನ ಮೇಲೆ ಗಿರಣಿಯ ಕಚೇರಿಗೋ ಖಾತೆಗೋ ಸೇರಿಕೊಳ್ಳುತ್ತಿದ್ದ. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಮುಷ್ಕರ ಹೂಡಿದ ಮೇಲೆ ಮುಂಬಯಿಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅವುಗಳೊಡನೆ ಆ ದಾರಿಯೂ ಮುಚ್ಚಿತು. ಇಂದು ಅರ್ಜಿಯನ್ನು ಮೊದಲು ನೋಡುವುದು ಹೆಚ್ಚಾಗಿ ಗಣಕಯಂತ್ರ. ನಮ್ಮ ಸೋದರಮಾವ ಯಾರೆಂಬುದು ಅದಕ್ಕೆ ತಿಳಿಯದು. ಬರೆದದ್ದು ಹೊಂದುತ್ತದೆಯೇ ಇಲ್ಲವೇ ಎಂಬುದಷ್ಟೇ ತಿಳಿಯುತ್ತದೆ.

ಹೆಸರು ಒಂದೇ ಇರಲಿ

ಮೊದಲನೆಯ ತೊಡಕು ಹೆಸರಿನದು. ಕರ್ನಾಟಕದ ರೂಢಿಯಲ್ಲಿ ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರವನ್ನು ಮುಂದಿಟ್ಟು ಹೆಸರು ಬರೆಯುವವರುಂಟು. ಮಹಾರಾಷ್ಟ್ರದ ಶಾಲೆಗಳಲ್ಲಿ ಅಡ್ಡಹೆಸರು, ಸ್ವಂತ ಹೆಸರು, ತಂದೆಯ ಹೆಸರು ಎಂಬ ಕ್ರಮ ಬಳಕೆಯಲ್ಲಿದೆ. ರಮೇಶನೆಂಬ ಹುಡುಗನೊಬ್ಬನಿದ್ದಾನೆಂದು ಇಟ್ಟುಕೊಳ್ಳೋಣ. ಶಾಲೆಯ ದಾಖಲೆಯಲ್ಲಿ ಅವನು ಶೆಟ್ಟಿ ರಮೇಶ ಸದಾನಂದ, ಆಧಾರ್ ಚೀಟಿಯಲ್ಲಿ ರಮೇಶ ಎಸ್. ಶೆಟ್ಟಿ, ಬ್ಯಾಂಕಿನ ಪುಸ್ತಕದಲ್ಲಿ ಎಸ್. ರಮೇಶ. ಮನೆಯವರಿಗೆ ಮೂವರೂ ಒಬ್ಬನೇ. ಆದರೆ ವಿದ್ಯಾರ್ಥಿವೇತನದ ಹಣ ಬ್ಯಾಂಕಿಗೆ ಬರುವಾಗಲೂ, ನೌಕರಿಯಲ್ಲಿ ಕಾಗದಗಳ ತಪಾಸಣೆ ನಡೆಯುವಾಗಲೂ ಮೂವರು ಬೇರೆ ಬೇರೆ ಮನುಷ್ಯರಾಗಿ ನಿಲ್ಲುತ್ತಾರೆ.

ಇವುಗಳಲ್ಲಿ ಯಾವುದನ್ನು ಅನುಸರಿಸಬೇಕು? ಶಾಲೆಯ ರಿಜಿಸ್ಟರನ್ನು. ಏಕೆಂದರೆ ಬೋರ್ಡಿನ ಸರ್ಟಿಫಿಕೇಟಿನಲ್ಲಿ ಬರುವ ಹೆಸರು ಅಲ್ಲಿಯದೇ, ಮುಂದಿನ ಕಾಗದಗಳೆಲ್ಲ ಬೋರ್ಡಿನ ಸರ್ಟಿಫಿಕೇಟನ್ನು ಅನುಸರಿಸುತ್ತವೆ. ರಿಜಿಸ್ಟರಿನಲ್ಲಿಯೇ ತಪ್ಪಿದ್ದರೆ, ಹತ್ತನೆಯ ಇಯತ್ತೆಯ ಪರೀಕ್ಷೆಯ ಅರ್ಜಿ ಶಾಲೆಯಿಂದ ಹೋಗುವುದಕ್ಕೆ ಮುಂಚೆಯೇ ಪಾಲಕರು ಮುಖ್ಯಾಧ್ಯಾಪಕರನ್ನು ಕಂಡು ಸರಿಪಡಿಸಿಕೊಳ್ಳಬೇಕು. ಅಚ್ಚಾದ ಮೇಲೆ ತಿದ್ದಿಸುವುದು ದೀರ್ಘ ಕೆಲಸ. ಅದೇ ವೇಳೆಗೆ ಮಾತೃಭಾಷೆ ಎಂಬ ಕಲಮಿನಲ್ಲಿ ಏನು ಬರೆದಿದೆ ಎಂಬುದನ್ನೂ ನೋಡಿಕೊಳ್ಳಿ. ಭಾಷಾ ಅಲ್ಪಸಂಖ್ಯಾತರು ನಡೆಸುವ ಕಾಲೇಜುಗಳಲ್ಲಿ ಆ ಭಾಷೆಯವರಿಗೆ ಬೇರೆ ಸ್ಥಳಗಳಿರುತ್ತವೆ. ಅದನ್ನು ಕೇಳುವಾಗ ಈ ಕಲಮು ಉಪಯೋಗಕ್ಕೆ ಬರುತ್ತದೆ.

ಜನ್ಮದಾಖಲೆಯದೂ ಹೀಗೆಯೇ. ನಮ್ಮ ಹೆಣ್ಣುಮಕ್ಕಳು ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಕಾರಣ ಎಷ್ಟೋ ಮಕ್ಕಳ ಜನನ ಊರಿನಲ್ಲಿ ನೋಂದಣಿಯಾಗಿರುತ್ತದೆ. ಅದರ ಪ್ರತಿ ಅಲ್ಲಿಂದಲೇ ಬರಬೇಕು. ದೀಪಾವಳಿಗೋ ಜಾತ್ರೆಗೋ ಊರಿಗೆ ಹೋದಾಗ ತಂದಿಟ್ಟುಕೊಂಡರೆ ಜೂನ್ ತಿಂಗಳಲ್ಲಿ ರಜೆ ಹಾಕಿ ಓಡುವುದು ತಪ್ಪುತ್ತದೆ.

ಅಜ್ಜನ ಕಾಗದ

ಮೀಸಲಾತಿಗೆ ಅರ್ಹರಾದ ಮನೆಗಳಲ್ಲಿ ಹಲವರಿಗೆ ತಿಳಿಯದ ಸಂಗತಿಯೊಂದಿದೆ. ಒಂದು ರಾಜ್ಯದ ಪಟ್ಟಿಯಲ್ಲಿರುವ ಜಾತಿಯ ಸೌಲಭ್ಯ ಇನ್ನೊಂದು ರಾಜ್ಯಕ್ಕೆ ಹೋದವರ ಜೊತೆಯಲ್ಲಿ ತಾನಾಗಿ ಹೋಗುವುದಿಲ್ಲ. ಆಂಧ್ರದಿಂದ ಚಿಕ್ಕಂದಿನಲ್ಲಿಯೇ ಮುಂಬಯಿಗೆ ಬಂದು ಇಲ್ಲಿಯೇ ಓದಿದ ವಿದ್ಯಾರ್ಥಿಯೊಬ್ಬ ವೈದ್ಯಕೀಯ ಕಾಲೇಜಿನಲ್ಲಿ ಪರಿಶಿಷ್ಟ ಪಂಗಡದ ಸ್ಥಳ ಕೇಳಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1990ರಲ್ಲಿ ಹೀಗೆಯೇ ತೀರ್ಮಾನಿಸಿತು. ಆದ್ದರಿಂದ ಕರ್ನಾಟಕದಿಂದ ಬಂದ ಮನೆತನದವರು ಇಲ್ಲಿ ಜಾತಿಯ ದಾಖಲೆ ಕೇಳಿದರೆ, ಆ ಜಾತಿ ಮಹಾರಾಷ್ಟ್ರದ ಪಟ್ಟಿಯಲ್ಲಿದೆಯೇ, ಮನೆತನ ಇಲ್ಲಿ ಯಾವಾಗಿನಿಂದ ವಾಸವಾಗಿದೆ ಎಂಬ ಎರಡು ಪ್ರಶ್ನೆಗಳು ಬರುತ್ತವೆ. ಪರಿಶಿಷ್ಟ ಜಾತಿಗಳಿಗೆ 1950ರ ಅಗಸ್ಟ್ 10, ವಿಮುಕ್ತ ಮತ್ತು ಅಲೆಮಾರಿ ಜಾತಿಗಳಿಗೆ 1961ರ ನವೆಂಬರ್ 21, ಇತರ ಹಿಂದುಳಿದ ವರ್ಗಗಳಿಗೆ 1967ರ ಅಕ್ಟೋಬರ್ 13, ಇವು ಇಲ್ಲಿ ಲೆಕ್ಕಕ್ಕೆ ಹಿಡಿಯುವ ದಿನಾಂಕಗಳು.

ಇಲ್ಲಿಯೇ ಅಜ್ಜನ ಹಳೆಯ ಕಾಗದಕ್ಕೆ ಬೆಲೆ. ಆ ದಿನಾಂಕಕ್ಕಿಂತ ಮೊದಲಿನ ರಾತ್ರಿ ಶಾಲೆಯ ದಾಖಲೆ, ಗಿರಣಿಯ ನೌಕರಿಯ ಕಾಗದ, ಚಾಳಿನ ಬಾಡಿಗೆಯ ರಸೀದಿ ಯಾವುದಾದರೂ ಪೆಟ್ಟಿಗೆಯ ತಳದಲ್ಲಿದ್ದರೆ ಅದನ್ನು ರದ್ದಿಗೆ ಹಾಕಬೇಡಿರಿ. ಮೊಮ್ಮಗಳು ಇಂಜಿನಿಯರಿಂಗಿನ ಸ್ಥಳಕ್ಕೆ ಅರ್ಜಿ ಹಾಕುವ ದಿನ ಅದು ಬೇಕಾದೀತು. ಅಂತಹ ಕೋರ್ಸುಗಳಿಗೆ ಜಾತಿಯ ದಾಖಲೆಯಷ್ಟೇ ಸಾಲದು, ಸಮಿತಿಯ ಮುಂದೆ ಪಡೆದ ಸಿಂಧುತ್ವದ ಪ್ರಮಾಣಪತ್ರವೂ ಬೇಕು. ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಹನ್ನೊಂದನೆಯ ಇಯತ್ತೆಯಲ್ಲಿಯೇ ಆರಂಭಿಸುವುದು ಲೇಸು.

ಕರ್ನಾಟಕದಲ್ಲಿ ಓದಬಯಸುವವರಿಗೆ ಇನ್ನೊಂದು ಬಾಗಿಲಿದೆ. ಬೆಂಗಳೂರಿನ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪ್ರವೇಶದಲ್ಲಿ ಹೊರನಾಡು ಮತ್ತು ಗಡಿನಾಡು ಕನ್ನಡಿಗರೆಂದು ಅರ್ಜಿ ಹಾಕುವ ಅವಕಾಶವುಂಟು. ಹಾಗೆ ಹಾಕಿದವರು ಕನ್ನಡ ಭಾಷೆಯ ಪರೀಕ್ಷೆಯೊಂದರಲ್ಲಿ ತೇರ್ಗಡೆಯಾಗಬೇಕು. ಇಂಗ್ಲಿಷ್ ಶಾಲೆಗೆ ಹೋಗುವ ಮಕ್ಕಳಿಗೆ ಮನೆಯಲ್ಲಿ ಕನ್ನಡ ಓದುಬರಹ ಕಲಿಸಿರೆಂದು ನಾವು ಹೇಳುವುದರಲ್ಲಿ ಈ ಲಾಭವೂ ಸೇರಿದೆ.

ಕಾಲೇಜುಗಳ ಪಟ್ಟಿ

ಹನ್ನೊಂದನೆಯ ಇಯತ್ತೆಯ ಪ್ರವೇಶ ಮುಂಬಯಿಯಲ್ಲಿ 2009ರಿಂದ ಗಣಕಯಂತ್ರದ ಮೂಲಕ ನಡೆಯುತ್ತ ಬಂದಿದೆ. 2025ರಿಂದ ಇಡೀ ಮಹಾರಾಷ್ಟ್ರಕ್ಕೆ ಅದೇ ಪದ್ಧತಿಯಾಯಿತು. ಅರ್ಜಿಯ ಮೊದಲ ಭಾಗದಲ್ಲಿ ವಿದ್ಯಾರ್ಥಿಯ ವಿವರ, ಎರಡನೆಯದರಲ್ಲಿ ಹತ್ತರವರೆಗೆ ಕಾಲೇಜುಗಳ ಹೆಸರನ್ನು ಇಷ್ಟದ ಕ್ರಮದಲ್ಲಿ ಕೊಡಬೇಕು. ಹಲವರು ತಿಳಿಯದೆ ಎಡವುವುದು ಇಲ್ಲಿ: ಮೊದಲನೆಯದಾಗಿ ಬರೆದ ಕಾಲೇಜೇ ಸಿಕ್ಕಿತೆಂದರೆ ಅದನ್ನು ಸೇರಲೇಬೇಕು, ಸೇರದಿದ್ದರೆ ಮುಂದಿನ ಸುತ್ತುಗಳಲ್ಲಿ ಜಾಗ ತಪ್ಪುತ್ತದೆ. ಆದಕಾರಣ ಗೆಳೆಯರು ಬರೆದರೆಂದು ಯಾವ ಕಾಲೇಜನ್ನೂ ಮೇಲಿಡಬೇಡಿ. ಹಿಂದಿನ ವರ್ಷ ಕೊನೆಯ ವಿದ್ಯಾರ್ಥಿಗೆ ಎಷ್ಟು ಅಂಕಕ್ಕೆ ಸ್ಥಳ ಸಿಕ್ಕಿತ್ತು, ಶುಲ್ಕವೆಷ್ಟು, ಲೋಕಲ್ ಗಾಡಿಯಲ್ಲಿ ಹೋಗಿಬರಲು ಎಷ್ಟು ಹೊತ್ತು ಎಂಬ ಮೂರನ್ನೂ ಒಂದು ಹಾಳೆಯ ಮೇಲೆ ಬರೆದು, ತಂದೆತಾಯಿಗಳ ಜೊತೆಯಲ್ಲಿ ಕುಳಿತು ಪಟ್ಟಿ ಮಾಡಿ. ಕೈಗೆಟುಕುವ ಎರಡು ಮೂರು ಹೆಸರುಗಳು ಪಟ್ಟಿಯ ಕೊನೆಯಲ್ಲಾದರೂ ಇರಲಿ.

ಸಂದರ್ಶನದ ಮಾತು

ಇನ್ನು ನೌಕರಿಯ ಮಾತು. ಕೇಂದ್ರ ಸರಕಾರದ ಕೆಳದರ್ಜೆಯ ಹುದ್ದೆಗಳಿಗೆ 2016ರ ಜನವರಿ 1ರಿಂದ ಸಂದರ್ಶನವನ್ನು ತೆಗೆದುಹಾಕಿದ್ದಾರೆ. ಅಲ್ಲಿ ಬರಹದ ಪರೀಕ್ಷೆ, ಆಮೇಲೆ ಕಾಗದಗಳ ತಪಾಸಣೆ. ಮೇಲೆ ಹೇಳಿದ ಹೆಸರಿನ ವಿಷಯ ಆಗ ಎದುರಾಗುತ್ತದೆ. ಖಾಸಗಿ ಕಚೇರಿ, ಅಂಗಡಿ, ಕಾರಖಾನೆಗಳಲ್ಲಿ ಮಾತ್ರ ಎದುರಿಗೆ ಕುಳ್ಳಿರಿಸಿ ಕೇಳುವ ರೂಢಿ ಹಾಗೆಯೇ ಇದೆ.

ಗಿರಣಿಯ ಕಚೇರಿಯಲ್ಲಿ ಬಂದ ಅರ್ಜಿಗಳನ್ನು ವಿಂಗಡಿಸಿ ಮೇಲಿನವರ ಮೇಜಿಗೆ ಕಳಿಸುವುದು ನನ್ನ ಕೆಲಸಗಳಲ್ಲೊಂದು. ‘ನಾನು ಕಷ್ಟಪಟ್ಟು ದುಡಿಯುವವನು, ಪ್ರಾಮಾಣಿಕನು’ ಎಂಬ ಒಂದೇ ವಾಕ್ಯ ಎಷ್ಟೋ ಅರ್ಜಿಗಳಲ್ಲಿರುತ್ತದೆ. ಅದನ್ನು ಓದಿ ಯಾರಿಗೂ ಏನೂ ತಿಳಿಯದು. ‘ಎರಡು ವರ್ಷ ಸಂಜೆ ಆರರಿಂದ ಒಂಬತ್ತರವರೆಗೆ ಹೊಟೇಲಿನ ಗಲ್ಲಾದಲ್ಲಿ ಕುಳಿತು ದಿನದ ಜಮಾಖರ್ಚು ಬರೆದಿದ್ದೇನೆ’ ಎಂದು ಬರೆದವನ ಅರ್ಜಿಯ ಮೇಲೆ ಕಣ್ಣು ನಿಲ್ಲುತ್ತದೆ. ನಮ್ಮ ಮಕ್ಕಳಲ್ಲಿ ಇಂತಹ ಕೆಲಸ ಮಾಡಿದವರು ಬಹಳ ಮಂದಿ, ಆದರೆ ಅದು ಕೀಳೆಂದು ಮುಚ್ಚಿಡುತ್ತಾರೆ. ಮುಚ್ಚಿಡಬೇಕಾದದ್ದು ಅದರಲ್ಲೇನೂ ಇಲ್ಲ.

ಭಾಷೆಯ ಮಾತೂ ಹಾಗೆಯೇ. ಮನೆಯಲ್ಲಿ ಕನ್ನಡವೋ ತುಳುವೋ, ಬೀದಿಯಲ್ಲಿ ಮರಾಠಿ, ಗಾಡಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ನಾಲ್ಕು ಭಾಷೆ ಬಲ್ಲ ಹುಡುಗಿ ‘ನನಗೆ ಇಂಗ್ಲಿಷ್ ಸರಿಯಾಗಿ ಬಾರದು’ ಎಂಬ ಒಂದು ಚಿಂತೆಯಲ್ಲಿ ಉಳಿದ ಮೂರನ್ನು ಮರೆಯುತ್ತಾಳೆ. ಗಿರಾಕಿಗಳೊಡನೆ ಮಾತಾಡುವ ಕೆಲಸಗಳಿಗೆ ಆ ಮೂರೂ ಬೇಕು. ಯಾವುದನ್ನು ಓದಬಲ್ಲೆ, ಯಾವುದನ್ನು ಬರೆಯಬಲ್ಲೆ, ಯಾವುದನ್ನು ಆಡಬಲ್ಲೆ ಎಂದು ಬೇರೆ ಬೇರೆಯಾಗಿ ಬರೆಯಿರಿ.

ಸಿದ್ಧತೆಗೆ ಮೂರು ಪ್ರಶ್ನೆ ಸಾಕು: ನೀವು ಯಾರು, ಏನು ಬಲ್ಲಿರಿ, ಈ ಕೆಲಸವೇ ಏಕೆ? ಒಂದೊಂದಕ್ಕೂ ಒಂದು ನಿಮಿಷದ ಉತ್ತರವನ್ನು ಮನಸ್ಸಿನಲ್ಲಿ ಜೋಡಿಸಿ, ಇನ್ನೊಬ್ಬರೆದುರು ಗಟ್ಟಿಯಾಗಿ ಹೇಳಿ ನೋಡಿ. ಬಾಯಿಪಾಠ ಬೇಡ, ಬಾಯಿಪಾಠ ಮಾಡಿದವನು ನಡುವೆ ಒಂದು ಪ್ರಶ್ನೆ ಬಂದರೆ ಎಳೆ ಕಳೆದುಕೊಳ್ಳುತ್ತಾನೆ. ಗೊತ್ತಿಲ್ಲದ್ದನ್ನು ಕೇಳಿದರೆ ‘ಗೊತ್ತಿಲ್ಲ, ಕಲಿಯುತ್ತೇನೆ’ ಎನ್ನಲು ನಾಚಬೇಡಿ. ಬಟ್ಟೆ ಹೊಸತಿರಬೇಕೆಂದಿಲ್ಲ, ಒಗೆದು ಇಸ್ತ್ರಿ ಮಾಡಿದ್ದಾದರೆ ಸಾಕು. ಸಂಬಳವೆಷ್ಟು, ಕೆಲಸದ ವೇಳೆ ಏನು, ರಜೆ ಹೇಗೆ ಎಂದು ಕೊನೆಯಲ್ಲಿ ಮರ್ಯಾದೆಯಿಂದ ಕೇಳುವುದು ನಿಮ್ಮ ಹಕ್ಕು. ನೌಕರಿ ಕೊಡಿಸುವುದಕ್ಕೆ ಮೊದಲೇ ಹಣ ಕೇಳುವವರಿದ್ದರೆ ಅಲ್ಲಿಂದ ಎದ್ದು ಬನ್ನಿ.

ಪಾಲಕರಲ್ಲಿ ನಮ್ಮ ವಿನಂತಿ ಇಷ್ಟೇ: ಬರುವ ರಜೆಯ ದಿನ ಮನೆಯಲ್ಲಿರುವ ಎಲ್ಲ ಕಾಗದಗಳನ್ನೂ ಚಾಪೆಯ ಮೇಲೆ ಹರಡಿ, ಒಂದೊಂದರಲ್ಲಿಯೂ ಮಗುವಿನ ಹೆಸರು, ತಂದೆತಾಯಿಗಳ ಹೆಸರು, ಜನ್ಮದಿನಾಂಕಗಳನ್ನು ಮಗುವಿನಿಂದಲೇ ಗಟ್ಟಿಯಾಗಿ ಓದಿಸಿರಿ. ಹೊಂದದೆ ಇದ್ದದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿರಿ. ಮೂಲಪ್ರತಿಗಳನ್ನು ಮನೆಯಲ್ಲಿಯೇ ಭದ್ರವಾಗಿಟ್ಟು, ಆ ಚೀಟಿಯನ್ನೂ ನಕಲು ಪ್ರತಿಗಳನ್ನೂ ವಾಚನಾಲಯಕ್ಕೆ ತಂದರೆ, ಯಾವ ಕಚೇರಿಗೆ ಯಾವ ಅರ್ಜಿ ಬರೆಯಬೇಕೆಂಬುದನ್ನು ಕುಳಿತು ನೋಡೋಣ.